ಸೂಜಿ, ಗುಂಡಿ, ದಾರ

ಬೋಟಿನ ಹಿಂಬದಿಯ ಮೆತ್ತೆಯ ಮೇಲೆ ಆಗಲೇ ಯಾರೋ ಕುಳಿತಿದ್ದರು. ಜೆಟ್ಟಿಯ ತುದಿಯಲ್ಲಿ ನಿಂತು ಅದನ್ನು ಕಂಡ ಸೂಜಿಗೆ ಹೊಟ್ಟೆಯೊಳಗೆ ಕಡ್ಡಿ ಗೀರಿದ ಹಾಗಾಯಿತು.

ಮೆತ್ತೆ ಅವಳದೇ ಹೊಲಿಗೆ. ನೀಲಿ ಗೀಟಿನ ದಪ್ಪ ಬಟ್ಟೆ, ಅಂಚಿಗೆ ಬಿಳಿ ಪೈಪಿಂಗು, ಒಳಗೆ ನೀರು ಕುಡಿಯದ ಸ್ಪಂಜು. ಅಂಥ ನಾಲ್ಕು ಮೆತ್ತೆ, ಕ್ಯಾಬಿನ್ನಿನ ಕಿಟಕಿಗೆ ಎರಡು ಪರದೆ, ಮೇಲೆ ಬಿಸಿಲು ತಡೆಯುವ ಕ್ಯಾನ್ವಾಸು, ಇಷ್ಟನ್ನೂ ಅವಳು ಗೆಳತಿ ಗುಂಡಿಗೆಂದು ನಾಲ್ಕು ತಿಂಗಳು ಅಂಗಡಿಯ ಕೆಲಸದ ನಡುನಡುವೆ ಹೊಲಿದಿದ್ದಳು. ಪರದೆ ಹೊಲಿಯಲು ಕೊಟ್ಟ ಗಿರಾಕಿಗಳು ಬಂದು ಬಂದು ಬಾಯಿ ಮಾಡಿದ್ದರು. "ನಿನ್ನ ಗುಂಡಿಯ ಬೋಟು ತೇಲೋದಕ್ಕೆ ಮುಂಚೆ ನಮ್ಮ ಅಂಗಡಿ ಮುಳುಗುತ್ತೆ" ಎಂದು ಗಂಡ ನಕ್ಕಿದ್ದ. ಹಿಂಬದಿಯ ಆ ಎಡಗಡೆ ಮೆತ್ತೆಯನ್ನು ಮಾತ್ರ ಅವಳು ಒಂದು ಬೆರಳಷ್ಟು ಹೆಚ್ಚು ದಪ್ಪ ಮಾಡಿದ್ದಳು. ಅದು ತನ್ನ ಜಾಗವೆಂದು ಯಾರಿಗೂ ಹೇಳಿರಲಿಲ್ಲ. ಹೇಳುವ ಅಗತ್ಯವಾದರೂ ಏನು? ಸ್ಟೀರಿಂಗ್ ಹಿಡಿದ ಗುಂಡಿಯ ಪಕ್ಕದಲ್ಲಿ ಇನ್ಯಾರು ಕೂರುತ್ತಾರೆ?

ಕೂತಿದ್ದಳಲ್ಲ, ಗುಂಡಿಯ ಮಹಡಿ ಮನೆಯ ನರ್ಸು. ಚಕ್ಕಂಬಕ್ಕಳ ಹಾಕಿಕೊಂಡು, ಕಿತ್ತಲೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಹಗ್ಗವೊಂದನ್ನು ಸುರುಳಿ ಸುತ್ತುತ್ತ, ತವರುಮನೆಯ ಜಗಲಿಯಲ್ಲಿ ಕೂತ ಹಾಗೆ ಕೂತಿದ್ದಳು.

"ಬಾರೇ ಸೂಜಿ! ಎಷ್ಟೊತ್ತೇ ನಿಂದು?" ಎಂದು ಒಳಗಿನಿಂದ ಗುಂಡಿ ಕೂಗಿದಳು. "ಇವಳೂ ಬರ್ತಾಳೆ ಕಣೇ ಇವತ್ತು. ರಜಾ ಸಿಕ್ತಂತೆ."

"ಬರಲಿ ಬರಲಿ, ಬೋಟೇನು ನಂದಾ?" ಎಂದಳು ಸೂಜಿ. ನಗುತ್ತಲೇ ಅಂದಳು. ಆ ನಗು ಯಾವ ಬೆಲೆಯದೆಂದು ಗುಂಡಿಗೆ ತಿಳಿಯಬೇಕಿತ್ತು, ತಿಳಿಯಲಿಲ್ಲ.

ಈ ಅಡ್ಡಹೆಸರುಗಳು ಐದನೇ ಕ್ಲಾಸಿನ ಹೊಲಿಗೆ ಟೀಚರ್ ಕೊಟ್ಟದ್ದು. ಕಡ್ಡಿಯಂಥ ಮೈ, ಚುಚ್ಚುವ ನಾಲಿಗೆಯವಳು ಸೂಜಿ. ಅವಳ ಪಕ್ಕದಲ್ಲಿ ಒಂದೇ ಬೆಂಚಿಗೆ ಅಂಟಿಕೊಂಡಿದ್ದ, ದುಂಡು ಮುಖದ, ಯಾವ ಚುಚ್ಚುಮಾತಿಗೂ ಬೇಸರಿಸದವಳು ಗುಂಡಿ. ಅಂಗಿಯ ಗುಂಡಿ, ರಸ್ತೆಯ ಗುಂಡಿಯಲ್ಲ ಎಂದು ಅವಳು ಮೂವತ್ತೈದು ವರ್ಷದಿಂದ ಎಲ್ಲರಿಗೂ ಬಿಡಿಸಿ ಹೇಳುತ್ತ ಬಂದಿದ್ದಾಳೆ. ಸೂಜಿ ದೊಡ್ಡವಳಾಗಿ ಹೆಸರಿಗೆ ತಕ್ಕಂತೆ ಪರದೆ, ಮೆತ್ತೆ ಹೊಲಿಯುವ ಅಂಗಡಿ ಇಟ್ಟಳು. ಗುಂಡಿ ಅಂಚೆ ಕಚೇರಿಯ ಪಾರ್ಸೆಲ್ ಕಿಟಕಿಯ ಹಿಂದೆ ಕುಳಿತಳು, ಮದುವೆಯ ಗೋಜಿಗೆ ಹೋಗಲಿಲ್ಲ. ಸಂಜೆ ಕಚೇರಿ ಮುಗಿಸಿ ಸೂಜಿಯ ಅಂಗಡಿಗೆ ಬಂದು, ಕತ್ತರಿಸಿದ ಬಟ್ಟೆಚೂರಿನ ರಾಶಿಯ ಮೇಲೆ ಕಾಲು ಚಾಚಿ ಕೂತು, ಯಾರ ಪಾರ್ಸೆಲ್ಲಿನೊಳಗೆ ಏನಿತ್ತೆಂದು ಊಹಿಸಿ ಹೇಳುವುದು ಅವಳ ದಿನಚರಿ. ಮೂರು ವರ್ಷದ ಹಿಂದೆ ಅವಳ ಮನೆಯ ಮಹಡಿಗೆ ಈ ನರ್ಸು ಬಾಡಿಗೆಗೆ ಬಂದ ಮೇಲೆ ಆ ಸಂಜೆಗಳು ವಾರಕ್ಕೆ ಆರು ಇದ್ದದ್ದು ನಾಲ್ಕಾದವು, ನಾಲ್ಕು ಎರಡಾದವು. ಸೂಜಿ ಲೆಕ್ಕ ಇಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಬೋಟು ಗುಂಡಿಗೆ ಬಂದದ್ದು ಸೋದರಮಾವನಿಂದ. ಬಂದರಿನಲ್ಲಿ ಹಡಗುಗಳಿಗೆ ದಾರಿ ತೋರುವ ಕೆಲಸದಲ್ಲಿದ್ದ ಆ ಮಾವ ಇಬ್ಬರು ಹುಡುಗಿಯರನ್ನೂ ಭಾನುವಾರ ಇದೇ ಬೋಟಿನಲ್ಲಿ ಕರೆದೊಯ್ಯುತ್ತಿದ್ದರು. ಗುಂಡಿಗೆ ಸ್ಟೀರಿಂಗ್, ಸೂಜಿಗೆ ಹಗ್ಗ. "ಹಗ್ಗ ಹಿಡಿದವಳೇ ಬೋಟಿನ ಅರ್ಧ ಪ್ರಾಣ" ಎಂದು ಅವರು ಹೇಳಿದ್ದನ್ನು ಹತ್ತು ವರ್ಷದ ಸೂಜಿ ಎದೆಯಲ್ಲಿ ಇಟ್ಟುಕೊಂಡಿದ್ದಳು. ದೊಡ್ಡವರಾದ ಮೇಲೆ ಇಬ್ಬರೇ ಕರಾವಳಿ ಉದ್ದಕ್ಕೂ ಹೋಗೋಣ ಎಂದು ಆಣೆ ಪ್ರಮಾಣಗಳೂ ಆಗಿದ್ದವು. ಮೂವತ್ತೈದು ವರ್ಷ ಕಾದ ಆ ದಿನ ಇವತ್ತು ಬಂದಿತ್ತು. ಬಂದದ್ದು ಮೂರನೆಯವಳೊಬ್ಬಳ ಜೊತೆ.

ಸೂಜಿ ಬಲಗಡೆಯ ತೆಳು ಮೆತ್ತೆಯ ಮೇಲೆ ಕುಳಿತಳು. ಅದರ ಹೊಲಿಗೆ ಎಲ್ಲಿ ಸೊಟ್ಟಗಾಗಿದೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಬೋಟು ಬಂದರು ದಾಟಿ ದಡವನ್ನು ಎಡಕ್ಕಿಟ್ಟುಕೊಂಡು ಹೊರಟಿತು. ಬಿಸಿಲು ಹಿತವಾಗಿತ್ತು, ನೀರು ಶಾಂತವಾಗಿತ್ತು. ದಡದ ಮೇಲಿನ ಮನೆಗಳ ಬೆನ್ನು, ಒಣಹಾಕಿದ ಬಟ್ಟೆ, ಸೈಕಲ್ ತಳ್ಳಿಕೊಂಡು ಹೋಗುವವರು, ಎಲ್ಲ ಸಣ್ಣದಾಗಿ ಕಾಣುತ್ತಿದ್ದವು. ಬೇರೆ ದಿನವಾಗಿದ್ದರೆ ಸೂಜಿ ಖುಷಿಯಿಂದ ಬಡಬಡಿಸುತ್ತಿದ್ದಳು. ಇವತ್ತು ಅವಳ ಕಣ್ಣೆಲ್ಲ ನರ್ಸಿನ ಕೈಮೇಲೆ. ಆ ಕೈ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಗುಂಡಿಗೆ ಕೊಟ್ಟಿತು.

"ಸಕ್ಕರೆ ಹಾಕಿಲ್ಲಕ್ಕ. ರಿಪೋರ್ಟ್ ನೋಡಿದ ಮೇಲೆ ಇನ್ನು ನಿಮಗೆ ಸಕ್ಕರೆ ಇಲ್ಲ."

"ಯಾವ ರಿಪೋರ್ಟು?" ಎಂದಳು ಸೂಜಿ.

"ಅಯ್ಯೋ ಏನಿಲ್ಲ ಕಣೇ. ರಕ್ತದಲ್ಲಿ ಸ್ವಲ್ಪ ಸಕ್ಕರೆ ಜಾಸ್ತಿ ಇದೆಯಂತೆ. ಹೋದ ತಿಂಗಳು ಗೊತ್ತಾಯ್ತು."

ಹೋದ ತಿಂಗಳು! ಹೋದ ತಿಂಗಳೆಲ್ಲ ಸೂಜಿ ಕೂತು ಕ್ಯಾನ್ವಾಸಿಗೆ ಉಂಗುರ ಹೊಡೆಯುತ್ತಿದ್ದಳು. ಗುಂಡಿಗೆ ನೆಗಡಿ ಬಂದರೆ ಮೊದಲು ಸೀನುತ್ತಿದ್ದವಳು ಅವಳು. ಈಗ ಗುಂಡಿಯ ರಕ್ತದ ಸುದ್ದಿ ಮಹಡಿ ಹತ್ತಿ ಕೂತಿದೆ, ತನ್ನ ಅಂಗಡಿಗೆ ಮಾತ್ರ ಇಳಿದು ಬಂದಿಲ್ಲ. ಅವಳ ಚೀಲದಲ್ಲೂ ಒಂದು ಫ್ಲಾಸ್ಕ್ ಇತ್ತು, ಲೋಟಕ್ಕೆ ಎರಡು ಚಮಚದಂತೆ ಗುಂಡಿಗಿಷ್ಟವಾದ ಪಾಕದಂಥ ಚಹಾ. ಅದನ್ನು ಅವಳು ಟವೆಲಿನ ಕೆಳಗೆ ಇನ್ನಷ್ಟು ಆಳಕ್ಕೆ ತಳ್ಳಿದಳು.

"ಇವಳಿಗೂ ಒಂದು ಹೆಸರಿಡಬೇಕು ಕಣೇ" ಎಂದಳು ಗುಂಡಿ ಚಹಾ ಹೀರುತ್ತ. "ನಾನು ಗುಂಡಿ, ನೀನು ಸೂಜಿ. ಇವಳು ದಾರ! ಹೇಗಿದೆ?"

"ದಾರ" ಎಂದು ನರ್ಸು ಬಾಯಲ್ಲಿಟ್ಟು ರುಚಿ ನೋಡಿದಳು. "ಚೆನ್ನಾಗಿದೆ ಅಕ್ಕ. ನಿಮ್ಮಿಬ್ಬರ ನಡುವೆ ಇರೋದು."

ಸೂಜಿಯೂ ನಕ್ಕಳು. ನಗದೆ ಏನು ಮಾಡುವುದು? ಆದರೆ ಹೊಲಿಗೆ ಕೆಲಸದವಳ ಮುಂದೆ ಇಡಬಾರದ ಹೆಸರು ಅದು. ಗುಂಡಿ ಹಚ್ಚುವುದು ಹೇಗೆಂದು ಪಾರ್ಸೆಲ್ ಕಿಟಕಿಯವಳಿಗೇನು ಗೊತ್ತು? ಸೂಜಿ ನಾಲ್ಕು ಸಲ ಒಳಗೆ ಹೋಗಿ ಹೊರಗೆ ಬಂದು, ಬಿಗಿಯಾಗಿ ಗಂಟು ಹಾಕಿಸಿ, ಆಮೇಲೆ ವಾಪಸ್ ಡಬ್ಬಿಗೆ ಹೋಗುತ್ತದೆ. ಅಂಗಿ ಹರಿಯುವ ತನಕ ಗುಂಡಿಯ ಜೊತೆ ಉಳಿಯುವುದು ದಾರ. ಇಷ್ಟು ವರ್ಷ ದಿನಕ್ಕೆ ಹತ್ತು ಗುಂಡಿ ಹಚ್ಚಿದ್ದರೂ ಇದು ಅವಳಿಗೆ ಹೊಳೆದದ್ದು ಇವತ್ತೇ. ಹೊಳೆದ ಮೇಲೆ ಅವಳಿಗೆ ಸಮುದ್ರವೂ ಬೇಡವಾಯಿತು, ಬಿಸಿಲೂ ಬೇಡವಾಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಅವರು ಹುಡುಕಿಕೊಂಡು ಹೊರಟಿದ್ದ ಪುಟ್ಟ ಕೊಲ್ಲಿ ಸಿಕ್ಕಿತು. ಎರಡೂ ಕಡೆ ಕಪ್ಪು ಬಂಡೆ, ನಡುವೆ ಹಳದಿ ಮರಳಿನ ಒಂದು ತುಂಡು, ನರಪಿಳ್ಳೆ ಇಲ್ಲ. ದಡದ ಹತ್ತಿರ ನೀರಿಗೆ ಆಳವಿಲ್ಲದ್ದರಿಂದ ಬೋಟನ್ನು ಅಲ್ಲಿಗೊಯ್ಯುವಂತಿರಲಿಲ್ಲ. ಗುಂಡಿ ದೂರದಲ್ಲೇ ಲಂಗರು ಹಾಕಿದಳು. ಬೋಟಿನ ಹಿಂದೆ ಕಟ್ಟಿ ಎಳೆದು ತಂದಿದ್ದ ಮರಿದೋಣಿಯಲ್ಲಿ ದಡಕ್ಕೆ ಹೋಗುವುದೆಂದಾಯಿತು. ಮೊದಲು ನರ್ಸು ಅದಕ್ಕಿಳಿದಳು. ಊಟದ ಬುಟ್ಟಿಯನ್ನು ಅವಳ ಕೈಗೆ ದಾಟಿಸಿದರು. ಹುಟ್ಟುಗಳೆರಡು ಇನ್ನೂ ಬೋಟಿನಲ್ಲೇ ಇದ್ದವು. ಮರಿದೋಣಿ ಅಲ್ಲಾಡದಂತೆ ಅದರ ಹಗ್ಗವನ್ನು ಕೊಂಡಿಯಿಂದ ಬಿಡಿಸಿ ಕೈಯಲ್ಲಿ ಹಿಡಿದು ನಿಂತವಳು ಸೂಜಿ. ಹಗ್ಗ ಇನ್ನೂ ತನ್ನದೇ ಎಂದು ಅವಳಿಗೆ ಅಷ್ಟರಮಟ್ಟಿಗೆ ಸಮಾಧಾನವಿತ್ತು.

ಹುಟ್ಟು ತೆಗೆಯಲೆಂದು ಕ್ಯಾಬಿನ್ನಿಗೆ ಹೋದ ಗುಂಡಿ ಹುಟ್ಟಿನ ಬದಲು ಒಂದು ಕಾಗದ ಹಿಡಿದು ಬಂದಳು.

"ಮರೆತುಬಿಡ್ತೀನಿ, ಈಗಲೇ ಹೇಳ್ತೀನಿ. ಬಂದರು ಕಚೇರಿಯ ಫಾರಂ ಇದು. ನಾನಿಲ್ಲದಾಗ ಬೋಟು ನಡೆಸೋಕೆ ಎರಡನೆಯವರ ಹೆಸರು ಕೊಡಬೇಕು. ನಾಳೆ ಕೊನೇ ದಿನ. ಒಂದು ಸಹಿ ಹಾಕೇ."

ಸೂಜಿಯ ಎದೆ ಒಂದು ಸಲ ಹಿಗ್ಗಿತು. ಒಂದೇ ಸಲ. ಆಮೇಲೆ ಅವಳ ಕಣ್ಣು ಫಾರಮ್ಮಿನ ಮೇಲೆ ಬಿತ್ತು. ಎರಡನೆಯವರು ಎಂಬಲ್ಲಿ ನರ್ಸಿನ ಹೆಸರು ಆಗಲೇ ದುಂಡಗೆ ಬರೆದು ಕೂತಿತ್ತು, ಪಕ್ಕದಲ್ಲಿ ಅಂಟಿಸಿದ ಫೋಟೋ ನಗುತ್ತಿತ್ತು. ಖಾಲಿ ಇದ್ದದ್ದು ಕೆಳಗಿನ ಗೆರೆ. ಸಾಕ್ಷಿ.

"ನಾನು ಸಾಕ್ಷಿನಾ?" ಎಂದಳು ಸೂಜಿ.

"ನನ್ನನ್ನ ಹತ್ತು ವರ್ಷಕ್ಕಿಂತ ಹೆಚ್ಚಾಗಿ ಬಲ್ಲವರು ಬೇಕಂತೆ. ನಿನಗಿಂತ ಹಳಬರು ಯಾರೇ ಇದಾರೆ ನನಗೆ?"

"ಓಹೋ, ಹಳಬಳು. ಹಳೇದಾಗಿದೀನಿ ಅಂತ ಪಕ್ಕಕ್ಕೆ ಇಡೋದು."

"ಅಯ್ಯೋ ಹಾಗಲ್ವೇ. ಇವಳು ಈಜು ಕಲಿತಿದಾಳೆ, ಬೋಟಿನ ಪರೀಕ್ಷೆ ಪಾಸ್ ಮಾಡಿದಾಳೆ. ನೀನು ಮೊಣಕಾಲು ಮಟ್ಟದ ನೀರಿಗೂ ಇಳಿಯಲ್ಲ."

"ನನ್ನನ್ನ ಕೇಳಿದ್ಯಾ? ಕಲೀತೀಯಾ ಅಂತ ಒಂದು ಮಾತು ಕೇಳಿದ್ಯಾ? ಮೆತ್ತೆ ಹೊಲಿ ಅಂದೆ, ಹೊಲಿದೆ. ಪರದೆ ಹೊಲಿ ಅಂದೆ, ಹೊಲಿದೆ. ಚಹಾಗೆ ಸಕ್ಕರೆ ಬೇಡ ಅನ್ನೋದು ಕೂಡ ಊರಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಗ್ಬೇಕು!" ಅವಳ ದನಿ ಏರಿತು. ಮರಿದೋಣಿಯಲ್ಲಿ ಕೂತಿದ್ದ ನರ್ಸು ತಲೆ ಎತ್ತಿ ನೋಡಿದಳು. "ಮೂವತ್ತೈದು ವರ್ಷ ಕಣೇ. ಮೂವತ್ತೈದು ವರ್ಷಕ್ಕೆ ನನಗೆ ಸಿಕ್ಕಿದ್ದು ಕೆಳಗಿನ ಗೆರೆ."

ಗುಂಡಿ ಎಂದಿನಂತೆ ಬೇಸರಿಸಲಿಲ್ಲ, ಸಿಟ್ಟಾಗಲಿಲ್ಲ. ಅದೇ ಸೂಜಿಗೆ ತಡೆಯಲಾಗದ್ದು. ಮಗುವನ್ನು ಸಮಾಧಾನ ಮಾಡುವವಳಂತೆ ಅವಳ ಭುಜ ತಟ್ಟಿ, ಹುಟ್ಟು ತರಲು ಕ್ಯಾಬಿನ್ನಿನ ಕಡೆ ತಿರುಗುತ್ತ ಅಂದಳು: "ಇವತ್ತೊಂದು ದಿನ ಜಗಳ ಬೇಡ. ಹೋಗ್ಲಿ ಬಿಡೇ."

ಹೋಗ್ಲಿ ಬಿಡೇ. ಐದನೇ ಕ್ಲಾಸಿನಿಂದಲೂ ಸೂಜಿಯ ಪ್ರತಿ ಕೋಪದ ಮೇಲೂ ಗುಂಡಿ ಸುರಿದ ತಣ್ಣೀರು ಅದು. ಅದರ ಅರ್ಥ ಏನೆಂದು ಸೂಜಿಗೆ ಗೊತ್ತಿಲ್ಲವೇ? ಸೂಜಿ ಮರಿದೋಣಿಯ ಕಡೆ ನೋಡಿದಳು, ಕೈಯಲ್ಲಿದ್ದ ಹಗ್ಗವನ್ನು ನೋಡಿದಳು. ಹೋಗಲಿ. ಬಿಟ್ಟಳು.

ಹಗ್ಗ ಸದ್ದಿಲ್ಲದೆ ನೀರಿಗೆ ಜಾರಿತು. ಅದು ಇಳಿತದ ಹೊತ್ತು, ನೀರು ಕೊಲ್ಲಿಯಿಂದ ಹೊರಗೆ ಸೆಳೆಯುತ್ತಿತ್ತು. ಮರಿದೋಣಿ ಮೆಲ್ಲಗೆ ಒಂದು ಮಾರು ಹೋಯಿತು, ಎರಡು ಮಾರು ಹೋಯಿತು. ನರ್ಸು ಕೂಗಲಿಲ್ಲ. ಸೂಜಿಯ ಮುಖವನ್ನೇ ನೋಡುತ್ತ ಕೂತಿದ್ದಳು. ಬೋಟಿನ ಮೇಲೆ ಈಗ ಇಬ್ಬರೇ, ಗುಂಡಿ ಮತ್ತು ಸೂಜಿ, ಯಾವತ್ತೋ ಮಾತಾಡಿಕೊಂಡಿದ್ದ ಹಾಗೆ. ಅರ್ಧ ನಿಮಿಷ ಅದು ಸೂಜಿಗೆ ಸುಖವಾಗಿತ್ತು. ನಾಚಿಕೆಗೇಡು, ಆದರೆ ಸುಖವಾಗಿತ್ತು.

ಅಷ್ಟರಲ್ಲಿ ಗುಂಡಿ ಹುಟ್ಟು ಹೊತ್ತು ಬಂದಳು. ನೋಡಿದಳು. ಹುಟ್ಟುಗಳು ಕೈಯಿಂದ ಕೆಳಗೆ ಬಿದ್ದವು.

"ಹಗ್ಗ ಯಾಕೇ ಬಿಟ್ಟೆ?"

"ನೀನೇ ಅಂದ್ಯಲ್ಲೇ, ಹೋಗ್ಲಿ ಬಿಡೇ ಅಂತ!" ಸುಳ್ಳು ಎಷ್ಟು ಸಲೀಸಾಗಿ ಬಾಯಿಗೆ ಬಂತೆಂದರೆ ಸೂಜಿಗೇ ದಿಗಿಲಾಯಿತು.

ಮರಿದೋಣಿ ಈಗ ಕಪ್ಪು ಬಂಡೆಗಳ ಕಡೆಗೆ ತಿರುಗಿತ್ತು. ಅಲ್ಲಿ ಅಲೆ ಒಡೆದು ನೊರೆ ಏಳುತ್ತಿತ್ತು. ನರ್ಸು ಎರಡೂ ಅಂಚು ಹಿಡಿದು ತಗ್ಗಿ ಕೂತಿದ್ದಳು, ಒಮ್ಮೆ ಒಂದು ಕೈ ನೀರಿಗಿಟ್ಟು ಹುಟ್ಟಿನಂತೆ ಆಡಿಸಿದಳು, ಪ್ರಯೋಜನವಾಗಲಿಲ್ಲ. ಆ ನೊರೆ ಕಂಡೊಡನೆ ಸೂಜಿಯ ಸುಖವೆಲ್ಲ ಇಳಿದುಹೋಯಿತು. ಅಯ್ಯೋ, ಆ ಹುಡುಗಿಗೆ ಏನಾದರೂ ಆದರೆ! ಅವಳು ಲಂಗರಿನ ಹಗ್ಗಕ್ಕೆ ಕೈ ಹಾಕಿದಳು. ಗುಂಡಿ ಇಂಜಿನ್ ಶುರು ಮಾಡುವಷ್ಟರಲ್ಲಿ ಕಡ್ಡಿ ಮೈಯವಳು ಲಂಗರನ್ನು ಒಬ್ಬಳೇ ಎಳೆದು ಮೇಲೆ ಹಾಕಿದಳು. ಅಂಗೈ ಸುಲಿದು ಚರ್ಮ ಎದ್ದುಬಂತು. ದೇವರೇ, ಅವಳೊಬ್ಬಳು ಉಳಿಯಲಿ, ಎರಡನೇ ಹೆಸರು ಅವಳದೇ ಇರಲಿ, ಆ ಮೆತ್ತೆಯೂ ಅವಳಿಗೇ ಇರಲಿ ಎಂದು ಏನೇನೋ ಬೇಡಿಕೊಂಡಳು.

ಬಂಡೆಗೆ ನಾಲ್ಕು ಮಾರು ಇರುವಾಗ ಬೋಟು ಮರಿದೋಣಿಯ ಪಕ್ಕಕ್ಕೆ ಬಂತು. ಸೂಜಿ ಹೊಟ್ಟೆಯ ಮೇಲೆ ಮಲಗಿ ಕೈ ಚಾಚಿದಳು. ನರ್ಸು ಆ ಕೈಯನ್ನು ಒಂದು ಕ್ಷಣ ನೋಡಿದಳು, ನೋಡಿಯೇ ಹಿಡಿದಳು.

ಅವಳು ಮೇಲೆ ಬಂದು ಬುಟ್ಟಿಯೂ ಮೇಲೆ ಬಂದ ಮೇಲೆ ಗುಂಡಿ ಸ್ಟೀರಿಂಗಿಗೆ ತಲೆಯಿಟ್ಟು ಕೂತಳು. ಅಳುತ್ತಿದ್ದಾಳೇನೋ ಎಂದು ಸೂಜಿ ಹೆದರಿದಳು. ಅಳುತ್ತಿರಲಿಲ್ಲ. ಅವಳ ದುಂಡು ಭುಜಗಳು ನಗುವಿಗೆ ಕುಣಿಯುತ್ತಿದ್ದವು.

"ಹೋಗ್ಲಿ ಬಿಡೇ ಅಂದ್ರೆ ಹಗ್ಗ ಬಿಟ್ಟಿದಾಳೆ! ನನ್ನ ಮಾತನ್ನ ಮೂವತ್ತೈದು ವರ್ಷದಲ್ಲಿ ಒಂದೇ ಒಂದ್ಸಲ ಕೇಳಿದಾಳೆ ಕಣೇ ದಾರ, ಅದೂ ಹೀಗೆ! ಊಟ ಬೇರೆ ನಿನ್ನ ಹತ್ರಾನೇ ಇತ್ತು!" ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. "ಅಲ್ಲ ಹುಡುಗಿ, ನಾನು ಅಂದಿದ್ದು ನಿನಗೂ ಕೇಳಿಸ್ತಾ?"

ಸೂಜಿ ಬಗ್ಗಿ, ಕೆಳಗೆ ಬಿದ್ದಿದ್ದ ಹುಟ್ಟುಗಳನ್ನು ಎತ್ತಿಕೊಂಡಳು.

"ಕೇಳಿಸ್ತಕ್ಕ" ಎಂದಳು ನರ್ಸು. "ನನಗೂ ಹಗ್ಗ ಬಿಡು ಅಂದ ಹಾಗೇ ಕೇಳಿಸ್ತು."

ಎರಡನೇ ಸಲ ಮೂವರೂ ಒಟ್ಟಿಗೆ ದಡ ಸೇರಿದರು. ಸೂಜಿ ಮರಿದೋಣಿಯ ಮಧ್ಯದಲ್ಲಿ ಮುದುರಿ ಕೂತಿದ್ದಳು. ಮರಳಿನ ಮೇಲೆ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು ಹರಡಿದರು. ಗುಂಡಿ ತಿಂದು ಮುಗಿಸಿ, ಕಾಲು ನೆನೆಸುತ್ತೇನೆಂದು ನೀರಿನಂಚಿಗೆ ಹೋದಳು. ಅಲ್ಲಿಂದಲೂ ಅವಳು ತನ್ನಷ್ಟಕ್ಕೆ ನಗುವುದು ಕೇಳುತ್ತಿತ್ತು.

ನರ್ಸು ಬುಟ್ಟಿಯಿಂದ ಸಣ್ಣ ಡಬ್ಬಿ ತೆಗೆದು ಸೂಜಿಯ ಸುಲಿದ ಅಂಗೈಗೆ ಔಷಧ ಹಚ್ಚತೊಡಗಿದಳು. ತಲೆ ಎತ್ತದೆಯೇ ಅಂದಳು:

"ನಂದು ದಿನಾ ಕೈ ನೋಡೋ ಕೆಲಸ. ಹಿಡಿತ ತಪ್ಪಿದ ಕೈ ಒಂದೇ ಸಲಕ್ಕೆ ಬಿಚ್ಚುತ್ತೆ. ನಿಮ್ಮ ಬೆರಳು ಒಂದೊಂದಾಗಿ ಬಿಚ್ಚಿದ್ವು."

ಸೂಜಿ ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದಳು, ನರ್ಸು ಬಿಡಲಿಲ್ಲ.

"ನನಗೆ ಈಜು ಬರುತ್ತೆ. ಆದ್ರೂ ಭಯ ಆಯ್ತಕ್ಕ" ಎಂದಳು ನರ್ಸು. ದನಿಯಲ್ಲಿ ಸಿಟ್ಟೂ ಇತ್ತು.

"ಅವಳಿಗೆ ಹೇಳ್ತೀಯಾ?"

ನರ್ಸು ನೀರಿನಂಚಿನ ಕಡೆ ನೋಡಿದಳು. ಗುಂಡಿ ಸೀರೆ ಎತ್ತಿ ಹಿಡಿದು, ಅಲೆ ಬಂದಾಗಲೆಲ್ಲ ಹಿಂದಕ್ಕೆ ಓಡುತ್ತ, ಒಬ್ಬಳೇ ನಗುತ್ತಿದ್ದಳು.

"ಹೇಗೆ ನಗ್ತಿದಾರೆ ನೋಡಿ. ಹೇಳಿದ್ರೆ ಆ ನಗು ಹೋಗುತ್ತೆ. ಆಮೇಲೆ ಇಬ್ಬರೂ ಸೇರಿ ಹುಡುಕಿದ್ರೂ ಸಿಗಲ್ಲ."

ಬ್ಯಾಂಡೇಜಿನ ಗಂಟು ಹಾಕಿ ಅವಳು ಎದ್ದುಹೋದಳು. ಗಂಟು ಅಚ್ಚುಕಟ್ಟಾಗಿತ್ತು. ಹೊಲಿಗೆಯವಳೂ ಕೊಂಕು ತೆಗೆಯುವಂತಿರಲಿಲ್ಲ.

ಬೋಟಿಗೆ ವಾಪಸಾದ ಮೇಲೆ ಸೂಜಿ ತಾನಾಗಿಯೇ ಫಾರಂ ಕೇಳಿದಳು. ಸಾಕ್ಷಿಯ ಗೆರೆಯ ಮೇಲೆ ಎರಡು ಸಾಲು ಅಚ್ಚಾಗಿತ್ತು: ಮೇಲೆ ಹೆಸರಿಸಿದ ಇಬ್ಬರನ್ನೂ ನಾನು ಬಲ್ಲೆ, ನೀರಿನ ಮೇಲೆ ಇವರು ನಂಬಿಕೆಗೆ ಅರ್ಹರು. ಸೂಜಿ ಅದನ್ನು ಎರಡು ಸಲ ಓದಿದಳು. ಇಲ್ಲಿ ನಂಬಿಕೆಗೆ ಅರ್ಹಳಲ್ಲದವಳು ಯಾರೆಂಬುದಕ್ಕೂ ಒಬ್ಬಳು ಸಾಕ್ಷಿ ಇದ್ದಾಳೆ, ಎದುರಿಗೇ ಕೂತು ಬುಟ್ಟಿ ಒರೆಸುತ್ತಿದ್ದಾಳೆ. ಬ್ಯಾಂಡೇಜು ಕಟ್ಟಿದ ಕೈಯಲ್ಲಿ ಸಹಿ ಸೊಟ್ಟಗೆ ಬಂತು.

"ಏನೇ ಇದು, ಕೋಳಿಕಾಲು?" ಎಂದಳು ಗುಂಡಿ. ಆಮೇಲೆ ಸಣ್ಣ ದನಿಯಲ್ಲಿ, "ಕೇಳಬೇಕಿತ್ತು ಕಣೇ ನಿನ್ನನ್ನ. ತಪ್ಪು ನಂದೇ. ಈಜು ಕಲೀತೀಯಾ?"

"ಕಲೀತೀನಿ."

"ದಾರಾನೇ ಕಲಿಸ್ತಾಳೆ ಬಿಡು."

ವಾಪಸು ದಾರಿಯಲ್ಲಿ ನರ್ಸು ತಾನೇ ಬಲಗಡೆಯ ತೆಳು ಮೆತ್ತೆಗೆ ಹೋಗಿ ಕುಳಿತಳು. ದಪ್ಪ ಮೆತ್ತೆ ಖಾಲಿ ಇತ್ತು. ಸೂಜಿ ಅದರ ಮೇಲೆ ಕುಳಿತಳು, ಆದರೆ ತಾನು ಒಂದು ಬೆರಳಷ್ಟು ಹೆಚ್ಚು ತುಂಬಿದ್ದ ಸ್ಪಂಜು ಅವಳಿಗೆ ಒತ್ತುತ್ತಲೇ ಇತ್ತು. ದಾರಿಯುದ್ದಕ್ಕೂ ಗುಂಡಿ ಆ ಕಥೆಯನ್ನು ಮೂರು ಸಲ ಹೇಳಿದಳು. ನಾಳೆ ಪಾರ್ಸೆಲ್ ಕಿಟಕಿಯಲ್ಲಿ ಹೇಳುತ್ತಾಳೆ, ಸೂಜಿಯ ಗಂಡನಿಗೆ ಹೇಳುತ್ತಾಳೆ, ಇನ್ನು ಮೂವತ್ತೈದು ವರ್ಷ ಹೇಳುತ್ತಾಳೆ. ಹೇಳಿದಾಗಲೆಲ್ಲ ಸೂಜಿ ನಗಬೇಕು. ಪಕ್ಕದಲ್ಲಿ ಆ ಹುಡುಗಿಯೂ ನಗುತ್ತಾಳೆ.

ಜೆಟ್ಟಿ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಗುಂಡಿ ಮೇಲೆ ಹಾರಿ ಮುಂದಿನ ಹಗ್ಗ ಕಟ್ಟಿದಳು, ಹಿಂದಿನದನ್ನೂ ಕಟ್ಟಿದಳು. ಅಲ್ಲಿಯ ತನಕ ಬೋಟು ಸರಿಯದಂತೆ ಸೂಜಿ ಕಂಬಕ್ಕೆ ಸುತ್ತಿ ಮೂರನೆಯ ಹಗ್ಗವೊಂದನ್ನು ಹಿಡಿದಿದ್ದಳು. ಗಾಯದ ಕೈ ಉರಿಯುತ್ತಿತ್ತು, ಹಿಡಿತ ಮಾತ್ರ ಸಡಿಲಿಸಿರಲಿಲ್ಲ.

"ಸಾಕು ಕಣೇ, ಕಟ್ಟಿ ಆಯ್ತು. ಇನ್ನು ಬಿಡೇ!" ಎಂದು ಮೇಲಿನಿಂದ ಗುಂಡಿ ಕೂಗಿದಳು.

ಸೂಜಿಯ ಬೆರಳು ಬಿಚ್ಚಲಿಲ್ಲ. ಅವಳ ಬಾಯಿಂದ ಹೊರಟ ದನಿ ಅವಳದೆಂದು ಅವಳಿಗೇ ಗುರುತಾಗಲಿಲ್ಲ.

"ಯಾವ ಬಿಡೇ?"

ಗುಂಡಿ ಹೊಟ್ಟೆ ಹಿಡಿದುಕೊಂಡು ಜೆಟ್ಟಿಯ ಹಲಗೆಯ ಮೇಲೆಯೇ ಕೂತುಬಿಟ್ಟಳು. ಅವಳ ನಗು ಅಕ್ಕಪಕ್ಕದ ಬೋಟಿನವರನ್ನೂ ತಿರುಗಿ ನೋಡುವಂತೆ ಮಾಡಿತು. ಆ ಗದ್ದಲದಲ್ಲಿ ನರ್ಸು ಸೂಜಿಯ ಪಕ್ಕಕ್ಕೆ ಬಂದು, ಅವಳೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ ಅಂದಳು:

"ಹಗ್ಗದ್ದು ಅಕ್ಕ. ಇನ್ನೊಂದನ್ನ ನಾನಾಗಲೇ ಬಿಟ್ಟೆ."

ಸೂಜಿ ಹಗ್ಗ ಬಿಟ್ಟಳು. ಹಾಳಾದವಳು, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುವುದರಲ್ಲೂ ನನಗಿಂತ ಒಂದು ಕೈ ಮೇಲೆ ಎಂದು ಅವಳಿಗೆ ಮತ್ತೆ ಹೊಟ್ಟೆ ಉರಿಯಿತು. ಆ ಉರಿಯಲ್ಲೇ ಬಗ್ಗಿ, ಬಿಟ್ಟ ಹಗ್ಗದ ತುದಿಯನ್ನು ಹುಡುಕಿ, ಸುರುಳಿ ಸುತ್ತಲೆಂದು ನರ್ಸಿಗೆ ಎತ್ತಿ ಕೊಟ್ಟಳು.